ಆರನೇ ನಂಬರಿನ ಮಲ್ಲ

೯ ಜುಲೈ ೨೦೦೭, ಸೋಮವಾರ

ಸಂಜೆ ಏಳು ಗಂಟೆ. ಬೆಳಿಗ್ಗೆ ಗರಡಿಯ ಮಣ್ಣು ತಿರುವಿ ನೀರು ಚಿಮುಕಿಸಿದೆ. ಮಧ್ಯಾಹ್ನ ಬುರಾನಸಾಬರ ಸೈಬರ್ ಅಂಗಡಿಗೆ ಹೋಗಿ ಮಧುವಿನ ಸಾಮಾನು ತಂದೆ. ಒಂದು ಜಾಕೀಟು, ಒಂದು ಬಾಚಣಿಗೆ, ಎರಡು ಪೆನ್ನು, ಬೀಜದ ಅಂಗಡಿಯವರು ಹಂಚಿದ ಈ ಡೈರಿ. ಇದರಲ್ಲಿ ಅವನು ಒಂದಕ್ಷರವನ್ನೂ ಬರೆದಿರಲಿಲ್ಲ. ಹಾಳೆಗಳು ವ್ಯರ್ಥವಾಗಬಾರದೆಂದು ನಾನು ಬರೆಯುತ್ತಿದ್ದೇನೆ. ಏಳನೇ ಇಯತ್ತೆಯ ನಂತರ ಇಷ್ಟುದ್ದ ಬರೆದದ್ದಿಲ್ಲ.

ಮಗ ಹೋಗಿ ಇಂದಿಗೆ ಇಪ್ಪತ್ತೈದು ದಿನ. ಜೂನ್ ಹದಿನಾಲ್ಕರ ಬೆಳಿಗ್ಗೆ ರಾಮದುರ್ಗಕ್ಕೆ ಹೋಗುತ್ತೇನೆಂದು ಬೈಕು ತೆಗೆದ. ಕಟಕೋಳದ ಹತ್ತಿರ ರಸ್ತೆಬದಿಯ ಜಾಲಿಮರಕ್ಕೆ ಬಡಿದ. ರಾಮದುರ್ಗದಲ್ಲಿ ಅವನಿಗೆ ಬಂಧುಗಳಿಲ್ಲ, ಕೆಲಸವಿಲ್ಲ. ಇದ್ದವನು ಒಬ್ಬ ವೈರಿ. ಕಂಪ್ಯೂಟರಿನ ಆಟದಲ್ಲಿ ಅವನ ಹೆಸರು ಕರಿಹುಲಿ. ನಿಜವಾದ ಹೆಸರು ನಮಗೆ ಯಾರಿಗೂ ಗೊತ್ತಿಲ್ಲ. ಒಂದು ತಿಂಗಳ ಕಾಲ ಮಧುವನ್ನು ಕಾಡಿದ್ದ. ಊಟಕ್ಕೆ ಕುಳಿತಾಗ ಮಧು ಹೇಳುತ್ತಿದ್ದ, “ಅಪ್ಪಾ, ನಾ ಎದ್ದ ನಿಂದರೂಕಿಂತ ಮೊದಲ ಹೊಡೀತಾನ. ಇದು ಯಾವ ಆಟ?” ನಾನು, “ಡಬ್ಬಿಯೊಳಗಿನ ಆಟಕ್ಕ ಯಾಕ ಅಳತಿ? ರೊಟ್ಟಿ ತಿನ್ನು” ಎಂದಿದ್ದೆ. ಆ ದಿನ ಚಪ್ಪಲಿ ಮೆಟ್ಟುತ್ತ, “ಇವತ್ತ ಅವನ್ನ ನೋಡೇ ಬಿಡತೇನಿ” ಎಂದ. ನಾನು ತಲೆ ಎತ್ತಲಿಲ್ಲ.

ಅಂಗಡಿಯ ಕೌಂಟರಿನಲ್ಲಿ ಬುರಾನಸಾಬರ ಮಗಳು ಉಜ್ಮಾ ಇದ್ದಳು. ಬಿ.ಕಾಂ. ಓದುವ ಹುಡುಗಿ. ಸಾಮಾನು ಕೊಟ್ಟು ಹೇಳಿದಳು, “ಕಾಕಾ, ಒಂದ ಮಾತು. ಅವತ್ತ ಮುಂಜಾನೆ ಮಧು ಅಣ್ಣ ಮೊದಲ ಇಲ್ಲಿಗೆ ಬಂದು, ಆಟ ಬಂದ್ ಮಾಡದ ಹೋಗಿದ್ದ. ಇಲ್ಲಿ ಸುದ್ದಿ ಬಂದಾಗ ಆಟದಾಗಿನ ಅವನ ಆಳು ಇನ್ನೂ ನಿಂತಿದ್ದ. ಎದಿ ಏರಿ ಇಳೀತಿತ್ತು. ಸಂಜಿಕೆ ಕರೆಂಟ್ ಹೋಗೋತನಕಾ ನಿಂತಾ ಇದ್ದ. ನನಗ ಬಂದ್ ಮಾಡಾಕ ಧೈರ್ಯ ಆಗಲಿಲ್ಲ.”

ನಾಳೆ ಬೆಳಿಗ್ಗೆ ಗರಡಿಗೆ ಎಣ್ಣೆ ತರಬೇಕು.

೧೧ ಜುಲೈ, ಬುಧವಾರ

ಸಂಜೆ ಆರೂವರೆ. ಇವತ್ತು ಅವನನ್ನು ನೋಡಿದೆ.

ಜಾಕೀಟಿನ ಕಿಸೆಯಲ್ಲಿ ಒಂದು ಚೀಟಿ ಇತ್ತು. ಅದರಲ್ಲಿ ಇಂಗ್ಲಿಷ್ ಅಕ್ಷರಗಳು, ಅಂಕಿಗಳು. ಉಜ್ಮಾಗೆ ತೋರಿಸಲು ಹೋದರೆ ಅವಳು ಮುಖ ತಿರುಗಿಸಿದಳು. “ನನಗ ತೋರಸಬ್ಯಾಡ್ರಿ ಕಾಕಾ. ಅದು ಅಣ್ಣನ ಕೀಲಿ ಇದ್ದಂಗ. ನೀವ ಒತ್ರಿ, ನಾ ಆಕಡೆ ನೋಡತೇನಿ.” ಮೂಲೆಯ ಆರನೇ ನಂಬರಿನ ಕಂಪ್ಯೂಟರಿಗೆ ಹಲಗೆಯ ಮರೆ ಇದೆ. ಮಧು ಅಲ್ಲೇ ಕೂರುತ್ತಿದ್ದ. ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ.

ಪರದೆಯ ಮೇಲೆ ಕಲ್ಲಿನ ಕಟ್ಟೆ ಬಂತು. ಅದರ ಮೇಲೆ ಒಬ್ಬ ಮನುಷ್ಯ. ಅಗಲ ಭುಜ, ಕೆಂಪು ಚಡ್ಡಿ, ಸೊಂಟದಲ್ಲಿ ಕತ್ತಿ. ತಲೆಯ ಮೇಲೆ ಹೆಸರು: ಮಲ್ಲ. ಉಜ್ಮಾ ವಿವರಿಸಿದಳು. ನಮ್ಮ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ನಾಲ್ಕು ಸೈಬರ್ ಅಂಗಡಿಯವರು ಕೂಡಿ ಬೆಳಗಾವಿಯಲ್ಲಿ ಒಂದು ಕಂಪ್ಯೂಟರು ಇಡಿಸಿದ್ದಾರೆ. ನಾಲ್ಕೂ ಊರಿನ ಹುಡುಗರು ಅದರೊಳಗೆ ಕೂಡಿ ಆಡುತ್ತಾರೆ. ಕೋಟೆ ಕಟ್ಟುತ್ತಾರೆ, ಕತ್ತಿ ಹಿಡಿದು ಕಾದುತ್ತಾರೆ. ಸತ್ತವನು ಹತ್ತು ಎಣಿಸುವುದರೊಳಗೆ ಈ ಕಟ್ಟೆಯ ಮೇಲೆ ಮತ್ತೆ ಏಳುತ್ತಾನೆ.

“ಎಷ್ಟ ಸಲ?” ಎಂದು ಕೇಳಿದೆ.

“ಎಷ್ಟ ಸಲ ಸತ್ತರೂ ಏಳತಾನ ಕಾಕಾ.”

ಯಾರೋ ಬಂದು ಮಲ್ಲನನ್ನು ಕಡಿದ. ನಾನು ಕೈ ತೆಗೆದುಬಿಟ್ಟೆ. ಪರದೆ ಕಪ್ಪಾಯಿತು. ಒಳಗೊಳಗೇ ಎಣಿಸಿದೆ. ಒಂಬತ್ತಕ್ಕೆ ಬೆಳಕು ಬಂತು, ಹತ್ತಕ್ಕೆ ಎದ್ದು ನಿಂತ. ಮಧುವನ್ನು ನಾವು ಕೂಡ್ರಿಸಿ ಮಣ್ಣು ಕೊಟ್ಟೆವು. ಇವನು ನಿಂತಿದ್ದಾನೆ.

ಎಣ್ಣೆ ತರುವುದು ಮರೆತೆ.

೧೬ ಜುಲೈ, ಸೋಮವಾರ

ಸಂಜೆ ಏಳು. ಎಡಗೈಯಿಂದ ನಡೆಸುವುದು, ಬಲಗೈಯಿಂದ ಹೊಡೆಯುವುದು. ಮುಂದೆ, ಹಿಂದೆ, ಪಕ್ಕಕ್ಕೆ ಹೋಗಲು ಬರುತ್ತದೆ. ಹನ್ನೊಂದು ಸಲ ಸತ್ತ. ಎಲ್ಲ ಸಲವೂ ಎದ್ದ.

೨೦ ಜುಲೈ, ಶುಕ್ರವಾರ

ಸಂಜೆ ಏಳೂವರೆ. ಬುರಾನಸಾಬರು ಇಂದು ನಮಾಜು ಮುಗಿಸಿ ಬಂದವರೇ ನನ್ನನ್ನು ಕರೆದು ಕೂರಿಸಿಕೊಂಡರು. ಮೊದಲು ಎಸ್.ಟಿ.ಡಿ. ಬೂತು ಇಟ್ಟವರು, ಈಗಲೂ ಎಲ್ಲರೊಂದಿಗೆ ಗಟ್ಟಿಯಾಗಿಯೇ ಮಾತಾಡುತ್ತಾರೆ. ಗರಡಿಯ ಗುರುವೆಂದು ನನ್ನನ್ನು ವಸ್ತಾದ ಎಂದೇ ಕರೆಯುತ್ತಾರೆ.

“ವಸ್ತಾದ್ರ, ನಾಲ್ಕೂ ಅಂಗಡಿಯವರಿಗೂ ತಲಿ ಕೆಟ್ಟೈತಿ. ಹುಡುಗೂರು ಆಟ ಬಿಟ್ಟು ಜಗಳಾ ಮಾಡಾಕತ್ತಾವು. ಒಬ್ಬ ತಿಂಗಳಗಟ್ಲೆ ಕೋಟಿ ಕಟ್ಟತಾನ, ಇನ್ನೊಬ್ಬ ಸುಮ್ನ ಮಜಾಕ್ಕ ಕೆಡವತಾನ. ಹೊಸಬ ಬಂದ್ರ ಕಟ್ಟಿ ಮ್ಯಾಲ ಕಾಯ್ದು ಕಡೀತಾರ. ಏನಾರ ಕೇಳಿದ್ರ, ಆಟಾನ ಹಂಗ ಐತಿ ಅಂತಾರ. ನೀವು ಮೂವತ್ತ ವರ್ಷ ಕುಸ್ತಿ ಕಣದಾಗ ಪಂಚರಾಗಿ ನಿಂತವರು. ಯಾವ್ದು ಸರಿ, ಯಾವ್ದು ತಪ್ಪು ಒಂದ ಹಾಳ್ಯಾಗ ಬರದ ಕೊಡ್ರಿ. ನಾಲ್ಕೂ ಊರಾಗ ಹಚ್ಚತೇವಿ.”

“ನಾ ಏನ ತಿಳದಾಂವ ಸಾಬ್ರ?”

“ನೀವ ಬರದ್ರ ಯಾರೂ ಎದುರಾಡೂದಿಲ್ರಿ.”

ಉಜ್ಮಾ ಕೌಂಟರಿನಿಂದಲೇ ಕೇಳಿದಳು, “ಕಾಕಾ, ಕಡಿಯೋದ ಆಟ. ಹಂಗಾರ ತಪ್ಪು ಯಾವ್ದು?”

“ಎದುರಿನವಗ ಆಡಾಕ ಬಿಡದ ಹೊಡಿಯೋದು ತಪ್ಪು.”

“ಹೊಡಿಯೋವಾಗ ಅದ ಹೆಂಗ ಗೊತ್ತಾಗತೈತಿ? ಗೆಲ್ಲಾಕ ಹೊಡದ್ನೋ, ನೋಯಿಸಾಕ ಹೊಡದ್ನೋ?”

“ಎದುರಿನವ ಬಿದ್ದ ಮ್ಯಾಲ ಏನ ಮಾಡತಾನ ನೋಡಬೇಕವಾ. ಗೆದ್ದಾಂವ ಹಿಂದ ಸರೀತಾನ. ನೋಯಸಾಂವ ಅಲ್ಲೇ ನಿಂದರತಾನ.”

ಅವಳು ಅದನ್ನು ಒಂದು ಚೀಟಿಯಲ್ಲಿ ಬರೆದುಕೊಂಡಳು.

೨೯ ಜುಲೈ, ಭಾನುವಾರ

ಸಂಜೆ ಏಳು. ಕರಿಹುಲಿ ಸಿಕ್ಕ.

ಸರಿಯಾಗಿ ನಾಲ್ಕಕ್ಕೆ ಬಂದ. ಮೈಯೆಲ್ಲ ಕಪ್ಪು, ಮುಖಕ್ಕೆ ಪಟ್ಟೆ. ಮಲ್ಲನ ಹೆಸರು ಕಂಡು ಇದ್ದಲ್ಲೇ ನಿಂತ. ಕೆಳಗೆ ಅಕ್ಷರಗಳು ಮೂಡಿದವು. ಇಂಗ್ಲಿಷ್ ಅಕ್ಷರ ಕೂಡಿಸಿ ಓದಿದೆ: “ಯಾರ ನೀ?” ನಾನು ಉತ್ತರ ಕೊಡಲಿಲ್ಲ. ಕಡಿದೆ. ಹತ್ತು ಎಣಿಸಿ ಕಟ್ಟೆಯ ಮೇಲೆ ಕಾದೆ. ಅವನು ಎದ್ದ, ಮತ್ತೆ ಕಡಿದೆ. ನಾಲ್ಕು ಸಲ. ಆಮೇಲೆ ಅವನು ಆಟ ಬಿಟ್ಟುಹೋದ.

ಬಹಳ ದಿನಗಳ ನಂತರ ಊಟ ರುಚಿಸಿತು.

೩ ಆಗಸ್ಟ್, ಶುಕ್ರವಾರ

ಒಂಬತ್ತು ಸಲ.

೯ ಆಗಸ್ಟ್, ಗುರುವಾರ

ಹದಿನಾಲ್ಕು. ಅವನದೊಂದು ಹೊಸ ಚಾಳಿ. ಎದ್ದ ಕೂಡಲೇ ಕತ್ತಿ ಕೆಳಗೆ ಹಾಕುತ್ತಾನೆ. ಕಪ್ಪೆಯ ಹಾಗೆ ಎರಡು ಸಲ ಕುಕ್ಕರುಗಾಲಿನಲ್ಲಿ ಕುಳಿತು ಏಳುತ್ತಾನೆ. ಅಣಕಿಸುತ್ತಾನೋ, ಹೆದರಿದ್ದಾನೋ. ಎರಡನೆಯ ಸಲ ಏಳುವ ಮೊದಲೇ ನನ್ನ ಕತ್ತಿ ಮುಟ್ಟುತ್ತದೆ.

ಮಳೆಗೆ ಗರಡಿಯ ಹಂಚು ಸೋರುತ್ತಿದೆಯಂತೆ. ಹೋಗಿ ನೋಡಬೇಕು.

೧೮ ಆಗಸ್ಟ್, ಶನಿವಾರ

ಸಂಜೆ ಏಳು ಗಂಟೆ. ಇಂದು ಮುಂಜಾನೆಯಿಂದ ಕರೆಂಟ್ ಇಲ್ಲ. ಮನೆಯಲ್ಲೇ ಇದ್ದೆ. ಕೈಗೆ ಕೆಲಸವಿಲ್ಲದಿದ್ದರೆ ಕಿತ್ತೂರಿನ ಕುಸ್ತಿ ನೆನಪಾಗುತ್ತದೆ. ಇದನ್ನು ಯಾರಿಗೂ ಹೇಳಿಲ್ಲ. ಇಲ್ಲಿ ಬರೆದಿಡುತ್ತೇನೆ.

ಏಳು ವರ್ಷದ ಹಿಂದಿನ ಮಾತು. ಮಧುವಿಗೆ ಹದಿನಾರು. ಅದು ಅವನ ಮೊದಲ ದೊಡ್ಡ ಕಣ. ನಾನೇ ಪಂಚ. ಹಿಡಿಯುವ ಮೊದಲು ಬಗ್ಗಿ ಮಣ್ಣು ಮುಟ್ಟಿ, ಎದುರಾಳಿಯ ಕೈ ಮುಟ್ಟಬೇಕು. ಅದಕ್ಕೆ ಸಲಾಮಿ ಎನ್ನುತ್ತೇವೆ. ಉಳಿದ ಗರಡಿಗಳಲ್ಲಿ ಒಂದೇ ಸಲ ಬಗ್ಗುತ್ತಾರೆ. ನಮ್ಮ ಗರಡಿಯಲ್ಲಿ ಮಾತ್ರ ಎರಡು ಸಲ: ಒಮ್ಮೆ ಮಣ್ಣಿಗೆ, ಒಮ್ಮೆ ಎದುರಾಳಿಗೆ. ಮಧು ಎರಡನೆಯ ಸಲ ಬಗ್ಗಿದ್ದ. ಎದುರಾಳಿ ಆಗಲೇ ಅವನ ಕುತ್ತಿಗೆ ಹಿಡಿದು ಎತ್ತಿ ಚಿತ್ತು ಮಾಡಿದ. ತಪ್ಪು ನನ್ನ ಕಣ್ಣೆದುರೇ ಆಯಿತು. ಸೀಟಿ ನನ್ನ ಬಾಯಲ್ಲೇ ಇತ್ತು. ಊದಿದರೆ ಮಗನ ಪಕ್ಷ ಹಿಡಿದ ಎನ್ನುತ್ತಾರೆಂದು ಊದಲಿಲ್ಲ. ಗೆದ್ದವನ ಕೈ ಎತ್ತಿದೆ.

ಮಧು ಮಣ್ಣಿನಲ್ಲಿ ಬಿದ್ದುಕೊಂಡೇ ನನ್ನನ್ನು ನೋಡಿದ. ಅಂದಿನಿಂದ ಗರಡಿಯ ಹೊಸ್ತಿಲು ದಾಟಲಿಲ್ಲ.

ಕರೆಂಟ್ ನಾಳೆ ಬರಬಹುದು.

೨೭ ಆಗಸ್ಟ್, ಸೋಮವಾರ

ಸಂಜೆ ಏಳೂವರೆ. ಇಪ್ಪತ್ತೆರಡು ಸಲ.

ಚಹಾ ತಂದಾಗ ಉಜ್ಮಾ ಮೆಲ್ಲಗೆ ಹೇಳಿದಳು, “ಕಾಕಾ, ರಾಮದುರ್ಗದಾಗ ಬ್ಯಾರೇನ ಸುದ್ದಿ ಹಬ್ಬೇತಿ. ಮಧು ಅಣ್ಣ ದೆವ್ವಾಗಿ ಆಟದಾಗ ಸೇರಿಕೊಂಡಾನಂತ. ನಾಲ್ಕಕ್ಕ ಸರಿಯಾಗಿ ಬರತಾನ, ಒಬ್ಬನ್ನ ಅಷ್ಟ ಹುಡಿಕ್ಯಾಡಿ ಹೊಡಿತಾನ, ಮಾತಾಡಿಸಿದ್ರ ಮಾತಾಡೂದಿಲ್ಲಂತ. ಸವದತ್ತಿ ಹುಡುಗೂರು ನಾಲ್ಕರಿಂದ ಐದರತನಕಾ ಆಟಾನ ಹಚ್ಚೂದಿಲ್ಲ. ನಾ ಹೇಳ್ಲೇನು, ಅದು ನೀವು ಅಂತ?”

“ಬ್ಯಾಡ.”

“ಆ ಕರಿಹುಲಿ ದರ್ಗಾಕ್ಕ ಹೋಗಿ ತಾಯತ ಕಟ್ಟಿಸಿಕೊಂಡು ಬಂದಾನಂತ.”

“ಕಟ್ಟಿಸಿಕೊಳ್ಳಲಿ.”

ಅವಳು ಲೋಟ ಎತ್ತಿಕೊಂಡು ಹೋದಳು. ಸುಳ್ಳೇಕೆ ಹೇಳಲಿ, ನನಗೆ ಹಿತವಾಯಿತು. ನಾಲ್ಕೂ ಊರಿನಲ್ಲಿ ಮಧುವಿನ ಹೆಸರು ಓಡಾಡುತ್ತಿದೆ. ನಮ್ಮ ಓಣಿಯಲ್ಲಿಯೇ ಜನ ಅವನ ಹೆಸರು ಎತ್ತುವುದನ್ನು ಬಿಟ್ಟಿದ್ದರು.

ಮನೆಯಲ್ಲಿ ಹೆಂಡತಿ ಚನ್ನವ್ವ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ ನನ್ನನ್ನೇ ನೋಡಿದಳು. “ಹಂಗ್ಯಾಕ ಕುಂತೀರಿ?” ಎಂದಳು. ಹೇಗೆ ಎಂದು ಕೇಳಿದೆ. “ಒಂದ ಕಾಲು ಮಡಚಿ, ಇನ್ನೊಂದ ಅಲ್ಲಾಡಿಸ್ಕೊಂತ. ಚಹಾಕ್ಕ ಮೂರು ಚಮಚ ಸಕ್ಕರಿ ಬ್ಯಾರೆ. ನೀವು ಹುಟ್ಟಾ ಸಕ್ಕರಿ ಕುಡದವರಲ್ಲ.” ಮಧುವಿನ ಜಾಕೀಟು ಬಿಚ್ಚಿಡಿರೆಂದಳು. ಥಂಡಿ ಇದೆ ಎಂದೆ. ಹೆಂಗಸರಿಗೆ ಈ ದಿನಗಳಲ್ಲಿ ಏನೇನೋ ಕಾಣುತ್ತದೆ.

೩೦ ಆಗಸ್ಟ್, ಗುರುವಾರ

ಇಪ್ಪತ್ತೇಳು. ನಾನು ಒಮ್ಮೆ ಸತ್ತೆ. ಹತ್ತಕ್ಕೆ ಎದ್ದೆ. ಎದ್ದಾಗ ಕಟ್ಟೆಯ ಕಲ್ಲು ಕಾಲಿಗೆ ತಣ್ಣಗೆ ತಾಗಿತು.

೫ ಸೆಪ್ಟೆಂಬರ್, ಬುಧವಾರ

ಸಂಜೆ ಏಳು. ಇಂದು ಕೊನೆಗೂ ಹಾಳೆ ಬರೆದುಕೊಟ್ಟೆ. ಎಲ್ಲರೂ ಎದ್ದು ನಿಂತು ತಯಾರಾದ ಮೇಲೆಯೇ ಹೊಡೆಯಬೇಕು ಎಂಬುದು ಮೊದಲನೆಯದು. ಕತ್ತಿ ಕೆಳಗಿಟ್ಟವನನ್ನು ಮುಟ್ಟಬಾರದು. ಕಟ್ಟೆಯ ಸುತ್ತ ಇಪ್ಪತ್ತು ಹೆಜ್ಜೆ ಕತ್ತಿ ತೆಗೆಯಬಾರದು. ಬೇರೆಯವರು ಕಟ್ಟಿದ್ದನ್ನು ಬರೀ ನಗುವುದಕ್ಕಾಗಿ ಕೆಡವಬಾರದು. ಹೊಸಬನಿಗೆ ಮೂರು ದಿನ ಕಲಿಯಲು ಬಿಡಬೇಕು. ಸೋತವನನ್ನು ಹಿಂಬಾಲಿಸಿ ಮತ್ತೆ ಮತ್ತೆ ಹೊಡೆಯುವವನು ಆಟಗಾರನಲ್ಲ, ಅವನ ಹೆಸರನ್ನೂ ಆಳನ್ನೂ ಬೆಳಗಾವಿಯ ಕಂಪ್ಯೂಟರಿನಿಂದ ಅಳಿಸಿಹಾಕಬೇಕು, ಯಾರೇ ಇರಲಿ.

ಬುರಾನಸಾಬರು ಕನ್ನಡಕ ಏರಿಸಿ ಓದಿದರು. “ಯಾರೇ ಇರಲಿ ಅಂತ ಬರೀಬೇಕೇನ್ರಿ?”

“ಬರೀರಿ.”

“ಅಳಿಸಿದ್ರ ಮತ್ತ ತರಾಕ ಬರೂದಿಲ್ರಿ ವಸ್ತಾದ್ರ. ಬೆಳಗಾವಿಯವರು ಹೇಳ್ಯಾರ.”

“ಹಂಗ ಇರಲಿ. ಹೆದರಿಕಿ ಇರಬೇಕು.”

ಬರೆಯುವಾಗ ನನ್ನ ಕಣ್ಣ ಮುಂದೆ ಕರಿಹುಲಿಯೇ ಇದ್ದ. ಒಂದು ದಿನ ಅವನನ್ನು ಈ ಕಾನೂನಿನಿಂದಲೇ ಹಿಡಿಸುತ್ತೇನೆ.

ಉಜ್ಮಾ ಹಾಳೆಯನ್ನು ಗೋಡೆಗೆ ಅಂಟಿಸಿ, ಕೊನೆಯ ಸಾಲಿನ ಮೇಲೆ ಬೆರಳಿಟ್ಟು ನಿಂತಳು. “ಕಾಕಾ, ಇದನ್ನ ನೀವ ಬರದೀರಿ?” ಎಂದಳು. ನಾನೇ ಎಂದೆ. ಯಾಕೋ ನನ್ನ ಮುಖವನ್ನೇ ನೋಡುತ್ತಿದ್ದಳು. ಗಡಿಯಾರ ನಾಲ್ಕಕ್ಕೆ ಬಂದಿತ್ತು. ಒಳಗೆ ಹೋಗಿ ಕುಳಿತೆ.

ಮೂವತ್ತೊಂದು.

೧೧ ಸೆಪ್ಟೆಂಬರ್, ಮಂಗಳವಾರ. ಅಮಾವಾಸ್ಯೆ

ಸಂಜೆ ಆರು ಗಂಟೆ. ಯರಗಟ್ಟಿಯಲ್ಲಿ ತಂಗಿ ಬಾಯವ್ವನ ಮನೆಯಲ್ಲಿದ್ದೇನೆ. ಬೈಕು ಬಿಡಿಸಿಕೊಳ್ಳಲು ಬೆಳಿಗ್ಗೆ ಕಟಕೋಳದ ಠಾಣೆಗೆ ಹೋಗಿದ್ದೆ. ಕಾಗದದ ಕೆಲಸ ಮುಗಿದರೂ, ಅಮಾವಾಸ್ಯೆಯ ದಿನ ಆ ಗಾಡಿ ಮನೆಗೆ ತರಬಾರದೆಂದು ಚನ್ನವ್ವ ಆಣೆ ಹಾಕಿ ಕಳಿಸಿದ್ದಳು. ಅದಕ್ಕೇ ಯರಗಟ್ಟಿಗೆ ಬಂದು ಉಳಿದೆ. ನಾಳೆ ಟೆಂಪೋದಲ್ಲಿ ಹೇರಿಸಿಕೊಂಡು ಬರಬೇಕು.

ಠಾಣೆಯ ಹವಾಲ್ದಾರ ಹನುಮಪ್ಪ ಒಳ್ಳೆಯ ಮನುಷ್ಯ. ಆ ದಿನ ಸ್ಥಳಕ್ಕೆ ಮೊದಲು ಹೋದವನು ಅವನೇ. “ನಿಮ್ಮ ಹುಡುಗ ಮನಿಕಡೆ ಹೊಂಟಿದ್ನಲ್ರಿ, ಇನ್ನ ಒಂದೂವರೆ ತಾಸಿನ ದಾರಿ” ಎಂದ. ಇಲ್ಲ, ರಾಮದುರ್ಗಕ್ಕೆ ಹೊರಟಿದ್ದ ಎಂದೆ. “ಗಾಡಿ ಮುಖ ಯರಗಟ್ಟಿ ಕಡೆ ಇತ್ರಿ. ಹೊತ್ತು ಮಧ್ಯಾಹ್ನ ಎರಡಾಗಿತ್ತು” ಎಂದ. ಬಿದ್ದ ರಭಸಕ್ಕೆ ತಿರುಗಿರಬೇಕು. ಮಧು ಮನೆ ಬಿಟ್ಟದ್ದು ಬೆಳಿಗ್ಗೆ ಎಂಟಕ್ಕೆ.

ಇಂದು ನಾಲ್ಕು ಗಂಟೆಗೆ ಬಸ್ಸಿನಲ್ಲಿದ್ದೆ. ಎಡಗೈ ತಾನಾಗಿಯೇ ತೊಡೆಯ ಮೇಲೆ ಆಡುತ್ತಿತ್ತು.

೧೨ ಸೆಪ್ಟೆಂಬರ್, ಬುಧವಾರ

ಸಂಜೆ ಏಳು. ಬೈಕು ಹಿತ್ತಲಿನಲ್ಲಿದೆ. ಚನ್ನವ್ವ ಅದರ ಮೇಲೆ ಹಳೆಯ ಕೌದಿ ಹೊದಿಸಿದ್ದಾಳೆ.

ಅಂಗಡಿಗೆ ಹೋದಾಗ ಉಜ್ಮಾಳ ಮುಖ ಬಿಳಿಚಿತ್ತು. “ಕಾಕಾ, ನಿನ್ನಿ ನಾಲ್ಕಕ್ಕ ಎಲ್ಲಿದ್ರಿ?”

“ಬಸ್ಸಿನಾಗ.”

“ಖರೇನ?”

“ಯಾಕವಾ?”

“ಮಲ್ಲ ಬಂದಿದ್ದ. ನಾ ಕೌಂಟರ್ ಕಂಪ್ಯೂಟರಿನಿಂದ ನೋಡಿದೆ. ಕಟ್ಟಿ ಮ್ಯಾಲ ನಿಂತಿದ್ದ, ಕತ್ತಿ ತಗೀಲಿಲ್ಲ. ನೀವ ಒಳಗ ಬಂದು ಕುಂತೀರಿ ಅಂತ ತಿಳದು ಎದ್ದು ಹೋಗಿ ನೋಡಿದೆ. ಆರನೇ ನಂಬರ್ ಬಂದ್ ಇತ್ತು. ಮ್ಯಾಲ ಹೊಚ್ಚಿದ ಬಟ್ಟಿ ಹಂಗ ಇತ್ತು. ತಿರುಗಿ ಬರೂದರಾಗ ಅಂವ ಇರಲಿಲ್ಲ.”

ಕಿಸೆ ಮುಟ್ಟಿ ನೋಡಿಕೊಂಡೆ. ಚೀಟಿ ಅಲ್ಲೇ ಇತ್ತು. ಮೂರು ದಿನದಿಂದ ಜಾಕೀಟು ಮೈಯಿಂದ ಇಳಿದಿಲ್ಲ.

ಯಾರೋ ನನ್ನ ಆಳನ್ನು ಮುಟ್ಟಿದ್ದಾರೆ.

೧೪ ಸೆಪ್ಟೆಂಬರ್, ಶುಕ್ರವಾರ

ಸಂಜೆ ಏಳು. ಸಿಟ್ಟಿನಲ್ಲಿ ಎಣಿಸಲಿಲ್ಲ. ಐವತ್ತು ದಾಟಿರಬೇಕು. ಅವನು ಎದ್ದು ಕುಕ್ಕರಿಸಿದ, ಕಡಿದೆ. ಎದ್ದು ಕುಕ್ಕರಿಸಿದ, ಕಡಿದೆ. ಐದಕ್ಕೆ ಹತ್ತು ನಿಮಿಷ ಇರುವಾಗ ಅಕ್ಷರ ಮೂಡಿದವು: “ಮಧು, ಮೊನ್ನೆ ಮಾಡಿದಿ. ಇವತ್ತ ಯಾಕ ಒಲ್ಲಿ?”

ಏನು ಮಾಡಿದ್ದು? ತಿಳಿಯಲಿಲ್ಲ. ಕಡಿದೆ.

ಈ ಸಲ ಹತ್ತು ಎಣಿಸಿದರೂ ಏಳಲಿಲ್ಲ. ಇಪ್ಪತ್ತು, ನೂರು ಎಣಿಸಿದೆ. ಕಟ್ಟೆ ಖಾಲಿ.

೧೮ ಸೆಪ್ಟೆಂಬರ್, ಮಂಗಳವಾರ

ಸಂಜೆ ಏಳು. ನಾಲ್ಕು ದಿನವಾಯಿತು, ಕರಿಹುಲಿ ಬಂದಿಲ್ಲ. ಖಾಲಿ ಕಟ್ಟೆಯ ಮೇಲೆ ನಾನೊಬ್ಬನೇ ನಿಂತಿರುತ್ತೇನೆ. ಹೊಸ ಹುಡುಗರು ದೂರದಿಂದ ಹೆಸರು ಕಂಡು ಓಡಿಹೋಗುತ್ತಾರೆ.

ಇಂದು ರಾಮದುರ್ಗದ ಅಂಗಡಿಯವರ ಫೋನು ಬಂತು. ಬುರಾನಸಾಬರು ಮಾತಾಡಿ ಇಟ್ಟರು. ಮೊದಲ ಸಲ ಅವರ ಧ್ವನಿ ಸಣ್ಣದಾಗಿತ್ತು.

“ಆ ಕರಿಹುಲಿ ಅನ್ನೋ ಹುಡುಗ ಬೀರಪ್ಪ ಅಂತ. ನೇಕಾರ. ಅನ್ನ ಬಿಟ್ಟು ಮಲಗ್ಯಾನಂತ. ಕಣ್ಣ ಮುಚ್ಚಿದ್ರ ಹತ್ತರತನಕಾ ಎಣಸತಾನಂತ, ಹತ್ತಕ್ಕ ಚೀರಿ ಏಳತಾನಂತ. ಅವನ ತಾಯಿ ಅಂಗಡಿ ಬಾಗಲಿಗೆ ಬಂದು ಕುಂತಾಳಂತ, ಆ ಸತ್ತಾಂವಗ ಹೇಳ್ರಿ ನನ್ನ ಮಗನ್ನ ಬಿಡು ಅಂತ.”

ಉಜ್ಮಾ ಗೋಡೆಯ ಹಾಳೆಯ ಕಡೆ ನೋಡಲಿಲ್ಲ. ನಾನು ನೋಡಿದೆ. ನನ್ನದೇ ಅಕ್ಷರ. ಕೊನೆಯ ಸಾಲನ್ನು ನಿಂತು ಓದಿದೆ. ಬೇರೆ ಯಾರೋ ಬರೆದ ಹಾಗಿತ್ತು.

ಮನೆಗೆ ಬಂದು ಜಾಕೀಟು ಬಿಚ್ಚಿದೆ. ಮೈಗೆ ಅಂಟಿಕೊಂಡಿತ್ತು.

ರಾಮದುರ್ಗಕ್ಕೆ ನಾಡಿದ್ದು ಬೆಳಿಗ್ಗೆ ಏಳೂವರೆಗೆ ಬಸ್ಸಿದೆ.

೨೦ ಸೆಪ್ಟೆಂಬರ್, ಗುರುವಾರ

ರಾತ್ರಿ ಎಂಟು ಗಂಟೆ. ರಾಮದುರ್ಗದಿಂದ ಬಂದು ಅಂಗಡಿಗೆ ಹೋಗಿ, ಈಗ ಮನೆ ಮುಟ್ಟಿದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬೀರಪ್ಪನ ಮನೆ ನೇಕಾರರ ಓಣಿಯಲ್ಲಿದೆ. ಅಕ್ಕಪಕ್ಕದ ಮನೆಗಳಲ್ಲೆಲ್ಲ ಮಗ್ಗದ ಸದ್ದು. ಅವನ ಮಗ್ಗ ಮಾತ್ರ ನಿಂತಿತ್ತು, ಅರ್ಧ ನೇಯ್ದ ಸೀರೆ ಹಾಗೇ ಇತ್ತು. ಬೈಲಹೊಂಗಲದ ರಾಮಲಿಂಗಪ್ಪ, ಮಧುವಿನ ತಂದೆ ಎಂದು ಹೇಳಿದ ಕೂಡಲೇ ಅವನ ತಾಯಿ ಸೆರಗು ಬಾಯಿಗೆ ಹಿಡಿದು ಗೋಡೆಗೆ ಸರಿದಳು. ಒಳಗೆ ಹಾಸಿಗೆಯ ಮೇಲೆ ಇಪ್ಪತ್ತೆರಡರ ಹುಡುಗ. ತೋಳು ಕಡ್ಡಿಯ ಹಾಗಿವೆ. ಇವನು ನನ್ನ ಹುಲಿ.

ನಾನು ಬಾಯಿ ತೆರೆಯುವ ಮೊದಲೇ ಅವನು ಎದ್ದು ನನ್ನ ಕಾಲು ಹಿಡಿದ.

“ಕಾಕಾ, ಅಂವಗ ನೀವ ಹೇಳ್ರಿ. ನಾ ಮಾತು ತಪ್ಪಿಲ್ಲ. ಅವತ್ತಿನಿಂದ ಒಬ್ಬನ್ನೂ ಕಟ್ಟಿ ಮ್ಯಾಲ ಹೊಡದಿಲ್ಲ.”

“ಯಾವತ್ತಿನಿಂದ?”

“ಅಂವ ಬಂದ ದಿನದಿಂದ್ರಿ.”

ಜೂನ್ ಹದಿನಾಲ್ಕಕ್ಕೆ ಮಧು ರಾಮದುರ್ಗ ಮುಟ್ಟಿದ್ದ. ಅಂಗಡಿಗೆ ಹೋಗಿ, ಕರಿಹುಲಿ ಯಾರು ಎಂದು ಕೇಳಿದ. “ನಾ ಅಂದ್ಕೊಂಡೆ, ಇವತ್ತ ನನ್ನ ಹಲ್ಲು ಉದುರತಾವು ಅಂತ. ಅಂವ ನನ್ನ ನೋಡಿ ನಕ್ಕಬಿಟ್ಟ. ಇಷ್ಟ ಸಣ್ಣ ಹುಲಿ ಏನೋ ಅಂದ. ಚಹಾ ಕುಡದ್ವಿ, ಮಂಡಕ್ಕಿ ತಿಂದ್ವಿ. ಹೊಡಿಯೋದಾದ್ರ ಎದ್ದ ಮ್ಯಾಲ ಹೊಡಿ, ನಮ್ಮಪ್ಪ ಹಂಗ ಕಲಿಸ್ಯಾನ ಅಂದ. ನಮ್ಮ ಗರಡಿ ಸಲಾಮಿ ಕಲಸತೇನಿ ಅಂತ ಬೀದ್ಯಾಗ ನಿಂತು ಮಾಡಿ ತೋರಿಸಿದ. ಆಟದಾಗ ಬಗ್ಗಾಕ ಬರೂದಿಲ್ಲ, ಕುಕ್ಕರಿಸಾಕ ಬರತೈತಿ. ಎರಡ ಸಲ ಕುಕ್ಕರಿಸೋಣು ಅಂತ ಇಬ್ಬರೂ ಕೂಡಿ ಬರಕೊಂಡ್ವಿ.”

ದಿಂಬಿನ ಕೆಳಗಿನಿಂದ ಬಿಸ್ಕೀಟಿನ ಕಾಗದ ತೆಗೆದುಕೊಟ್ಟ. ಮಧುವಿನ ಅಕ್ಷರ. ಎದ್ದು ನಿಂತು ಸಲಾಮಿ ಆಗುವ ತನಕ ಹೊಡೆಯಬಾರದು. ಕೆಳಗೆ ಇಬ್ಬರ ಸಹಿ.

ಮಧ್ಯಾಹ್ನ ಒಂದಕ್ಕೆ ಅವನು ಅಲ್ಲಿಂದ ಹೊರಟನಂತೆ. ಬೈಕಿನ ಮುಖ ಮನೆಯ ಕಡೆಗೇ ಇತ್ತು.

ನಾನು ಕಾಗದ ಹಿಡಿದು ಕುಳಿತೆ. ಒಂದು ತಿಂಗಳಿಗೂ ಹೆಚ್ಚು ಕಾಲ ಈ ಹುಡುಗ ದಿನವೂ ನಾಲ್ಕಕ್ಕೆ ಬಂದು, ಕತ್ತಿ ಕೆಳಗಿಟ್ಟು, ನನ್ನ ಗರಡಿಯ ಸಲಾಮಿ ಮಾಡಿದ್ದ. ಲೋಕದಲ್ಲಿ ಅದನ್ನು ಗುರುತಿಸಬೇಕಾದವನು ನಾನೊಬ್ಬನೇ. ಪ್ರತಿ ಸಲವೂ ಎರಡನೆಯದಕ್ಕೆ ಬಗ್ಗಿದಾಗ ಕಡಿದೆ. ಕಿತ್ತೂರಿನಲ್ಲಿ ನೋಡಿಯೂ ಸೀಟಿ ಊದಲಿಲ್ಲ. ಇಲ್ಲಿ ನೋಡಲೇ ಇಲ್ಲ.

“ಬೀರಪ್ಪಾ, ಅಂವ ಅಲ್ಲ. ನಾನು. ಅವನ ಕುರ್ಚ್ಯಾಗ ಕುಂತು ನಾನ ಹೊಡದೆ.”

ಬಾಗಿಲಲ್ಲಿ ಅವನ ತಾಯಿ, “ವಯಸ್ಸಾದವರು ನೀವು” ಎಂದಳು. ಅಷ್ಟೇ ಎಂದಳು.

“ಎಲ್ಲಾ ದಿನಾನೂ ನೀವ?” ಎಂದು ಬೀರಪ್ಪ ಕೇಳಿದ.

“ಎಲ್ಲಾ ದಿನ.”

“ಅಮಾಸಿ ದಿನಾನೂ?”

ನಾನು ಕಾಗದದಿಂದ ತಲೆ ಎತ್ತಿದೆ.

“ಅವತ್ತ ಒಂದ ದಿನ ಅಂವ ಕತ್ತಿ ತಗೀಲಿಲ್ರಿ. ನಾ ಎರಡ ಸಲ ಕುಕ್ಕರಿಸಿದೆ. ಅಂವನೂ ಎರಡ ಸಲ ಕುಕ್ಕರಿಸಿದ. ಹತ್ತರ ಬಂದು ನಿಂತ. ಆಮ್ಯಾಲ ಕೋಟಿ ಬಾಗಲದಾಗಿಂದ ಹೊರಗ ನಡದು ಹೋದ. ಅದೂ ನೀವ ಏನ್ರಿ?”

ಹೌದು ಎಂದರೆ ಅವನ ಭಯ ಹೋಗುತ್ತದೆ ಎನಿಸಿತು. ಹೌದು ಎನ್ನಲು ಬಾಯಿ ತೆರೆದೆ. ಆದರೆ ನಾನು ಪಂಚ. ನೋಡದ್ದನ್ನು ನೋಡಿದೆ ಎಂದು, ಮಾಡದ್ದನ್ನು ಮಾಡಿದೆ ಎಂದು ಇನ್ನೊಮ್ಮೆ ಹೇಳಲಾರೆ.

“ಅದು ನಾನಲ್ಲಪಾ. ಅವತ್ತ ನಾ ಬಸ್ಸಿನಾಗಿದ್ದೆ. ಚೀಟಿ ನನ್ನ ಕಿಸೇದಾಗಿತ್ತು.”

ಹುಡುಗ ಹೆದರುತ್ತಾನೆ ಎಂದುಕೊಂಡಿದ್ದೆ. ಅವನು ಗೋಡೆಗೆ ಒರಗಿ ಉದ್ದಕ್ಕೆ ಉಸಿರು ಬಿಟ್ಟ. ಕಣ್ಣಲ್ಲಿ ನೀರಿತ್ತು.

“ಹಂಗಾರ ಅಂವಗ ನನ್ನ ಮ್ಯಾಲ ಸಿಟ್ಟಿಲ್ಲ” ಎಂದ. ತಾಯಿಯ ಕಡೆ ತಿರುಗಿ, “ಯವ್ವಾ, ಒಂದ ತುತ್ತು ಅನ್ನ ಕಲಸು” ಎಂದ.

ನನಗೂ ಒಂದು ತಾಟು ಹಾಕಿದಳು. ಉಂಡೆ.

ಸಂಜೆ ಅಂಗಡಿಯಲ್ಲಿ ಬುರಾನಸಾಬರಿಗೆ ಎಲ್ಲ ಹೇಳಿ, ಗೋಡೆಯ ಹಾಳೆಯ ಕೊನೆಯ ಸಾಲು ತೋರಿಸಿದೆ. “ಬ್ಯಾಡ್ರಿ ವಸ್ತಾದ್ರ, ಒಂದ ತಿಂಗಳು ಬಂದ್ ಇಡೋಣು, ಸಾಕು. ಮಧುಂದು ಅಂತ ಉಳದದ್ದು ಅದೊಂದ ಐತಿ” ಎಂದರು. ಯಾರೇ ಇರಲಿ ಎಂದು ಬರೆದವನು ನಾನು ಎಂದೆ. ಅವರು ಬೆಳಗಾವಿಗೆ ಫೋನು ಮಾಡುವಾಗ ಉಜ್ಮಾ ಕೌಂಟರಿನ ಮೇಲೆ ತಲೆ ಇಟ್ಟುಕೊಂಡಿದ್ದಳು. ಚೀಟಿ ಹರಿದು ಅವಳ ಕೈಯಲ್ಲಿಟ್ಟೆ.

ಬೀರಪ್ಪ ನಾಳೆ ನಾಲ್ಕಕ್ಕೆ ಕಟ್ಟೆಯ ಮೇಲೆ ಬರುತ್ತೇನೆ ಎಂದಿದ್ದಾನೆ. ಮಲ್ಲ ತಾನಾಗಿ ಬರುತ್ತಾನೋ ಎಂದು ನಾನು ಉಜ್ಮಾಳ ಹಿಂದೆ ನಿಂತು ಕೌಂಟರಿನ ಪರದೆಯಲ್ಲಿ ನೋಡುತ್ತೇನೆ. ಆರನೇ ನಂಬರನ್ನು ಯಾರೂ ಹಚ್ಚಬಾರದು, ಮೇಲಿನ ಬಟ್ಟೆ ತೆಗೆಯಬಾರದು ಎಂದು ಉಜ್ಮಾಗೆ ಹೇಳಿ ಬಂದಿದ್ದೇನೆ.

ನಾಳೆ ಶುಕ್ರವಾರ. ಐದು ಗಂಟೆಗೆ ಬೆಳಗಾವಿಯವರು ಮಲ್ಲನ ಹೆಸರು ಅಳಿಸುತ್ತಾರೆ.